ಚೌಕಿಗೂ ಹೋಗಿ ಬನ್ನಿ: ಅಮೆರಿಕದ ಸಿನಿಮಾದಲ್ಲಿ ಬಣ್ಣ ಓದುವುದು ಹೇಗೆ

ಹೋದ ಮಳೆಗಾಲದಲ್ಲಿ ಉಡುಪಿಯ ಅಕ್ಕನ ಮನೆಯಲ್ಲಿದ್ದೆ. ಜೋರು ಮಳೆ, ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅಕ್ಕನ ಮಗಳಿಗೆ 11 ವರ್ಷ. ನಾನು ಅವಳ ವಯಸ್ಸಿನಲ್ಲಿ ತುಂಬ ಇಷ್ಟಪಟ್ಟು ನೋಡಿದ್ದ ಸಿನಿಮಾ ಹಾಕಿದೆ: 1984ರ 'ಇಂಡಿಯಾನಾ ಜೋನ್ಸ್ ಆಂಡ್ ದ ಟೆಂಪಲ್ ಆಫ್ ಡೂಮ್'. ಅದರಲ್ಲಿ ನಮ್ಮ ದೇಶದ ಒಂದು ಅರಮನೆಯ ಊಟದ ದೃಶ್ಯ ಬರುತ್ತದೆ. ದೊಡ್ಡ ಹಾವಿನ ಹೊಟ್ಟೆ ಸೀಳಿದರೆ ಒಳಗಿನಿಂದ ಏನೇನೋ ಜೀವಂತ ಹರಿದು ಬರುತ್ತವೆ. ಸೂಪಿನಲ್ಲಿ ಕಣ್ಣುಗುಡ್ಡೆ ತೇಲುತ್ತದೆ. ಕೊನೆಗೆ ಮಂಗನ ತಲೆಯ ಮುಚ್ಚಳ ತೆಗೆದು ಮಿದುಳನ್ನು ಚಮಚದಲ್ಲಿ ತಿನ್ನುತ್ತಾರೆ.

ಹುಡುಗಿಯ ಕೈಯಲ್ಲಿ ಗಂಜಿಯ ಬಟ್ಟಲು, ಬದಿಯಲ್ಲಿ ಒಂದು ಹೋಳು ಮಾವಿನ ಉಪ್ಪಿನಕಾಯಿ. ಉಣ್ಣುವುದನ್ನು ನಿಲ್ಲಿಸಿ ಕೇಳಿದಳು, "ಚಿಕ್ಕಮ್ಮ, ಇದು ಯಾವ ದೇಶ?"

"ನಮ್ಮದೇ."

"ಸುಳ್ಳು," ಅಂದಳು.

ಅವಳು ಹೇಳಿದ್ದು ಸರಿ. ಆದರೆ ಆ ಸುಳ್ಳು ನನಗೆ ಅವಳ ವಯಸ್ಸಿನಲ್ಲಿ ಯಾಕೆ ಕಾಣಲಿಲ್ಲ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ನನ್ನ ದೇಶದ ಬಗ್ಗೆ ಹೇಳಿದ್ದನ್ನೇ ನಾನು ನಂಬಿಕೊಂಡು ಕೂತಿದ್ದೆ ಎಂದ ಮೇಲೆ, ಕಪ್ಪು ಅಮೆರಿಕನ್ನರ ಬಗ್ಗೆ, ಚೀನಾ ಮೂಲದವರ ಬಗ್ಗೆ, ಮೆಕ್ಸಿಕೋದವರ ಬಗ್ಗೆ ಎಷ್ಟೆಲ್ಲ ನಂಬಿರಬೇಡ? ನಮ್ಮಲ್ಲಿ ಹೆಚ್ಚಿನವರು ಅವರನ್ನು ಭೇಟಿಯಾಗಿದ್ದೇ ಪರದೆಯ ಮೇಲೆ. ಅಂದಿನಿಂದ ಸಿನಿಮಾ ನೋಡುವ ನನ್ನ ರೀತಿ ಬದಲಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳ ಜೊತೆ, ಹಾಸ್ಟೆಲಿನಲ್ಲಿ ಗೆಳೆಯರ ಜೊತೆ, ಒಬ್ಬರೇ ಇದ್ದರೂ, ಯಾರು ಬೇಕಾದರೂ ಮಾಡಬಹುದು. ಒಂದು ನೋಟ್‌ಬುಕ್ ಮತ್ತು ಸಿನಿಮಾವನ್ನು ಆಗಾಗ ನಿಲ್ಲಿಸುವ ತಾಳ್ಮೆ ಇದ್ದರೆ ಸಾಕು.

ನಮ್ಮ ಕಣ್ಣು ಈಗಾಗಲೇ ಪಳಗಿದೆ

ಕರಾವಳಿಯವರಿಗೆ ಬಣ್ಣ ಓದುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಚೌಕಿಯಿಂದ, ಅಂದರೆ ವೇಷ ಕಟ್ಟಿಕೊಳ್ಳುವ ಕೋಣೆಯಿಂದ, ಬಂದ ಬಣ್ಣದ ವೇಷ ತೆರೆಯ ಹಿಂದಿನಿಂದ ಮುಖ ತೋರಿಸಿದ ಕೂಡಲೇ, ಒಂದು ಮಾತೂ ಆಡುವ ಮೊದಲೇ, ಇದು ರಾಕ್ಷಸ ಎಂದು ಮುಂದಿನ ಸಾಲಿನಲ್ಲಿ ನಿದ್ದೆ ತೂಗುವ ಮಗುವಿಗೂ ಗೊತ್ತಾಗುತ್ತದೆ. ಪುಂಡುವೇಷ ಬೇರೆ, ರಾಜವೇಷ ಬೇರೆ, ಹಾಸ್ಯಗಾರನ ನಡಿಗೆಯೇ ಬೇರೆ. ಅಮೆರಿಕದ ಸಿನಿಮಾವೂ ಹೀಗೆಯೇ ಕೆಲವು ವೇಷಗಳನ್ನು ಕಟ್ಟಿಟ್ಟುಕೊಂಡಿದೆ. ಮನೆಕೆಲಸದ ದಪ್ಪ ಕಪ್ಪು ಹೆಂಗಸು, ಕುದುರೆ ಮೇಲೆ ಕೂಗುತ್ತ ಬರುವ ಮೂಲನಿವಾಸಿ, ಕುತಂತ್ರಿ ಚೀನೀಯ, ಬಾಂಬ್ ಕಟ್ಟಿಕೊಂಡ ಅರಬ, ತಲೆ ಅಲ್ಲಾಡಿಸುತ್ತ ಇಂಗ್ಲಿಷ್ ಮಾತಾಡುವ ಭಾರತೀಯ ಅಂಗಡಿಯವನು. ಬಂದ ಕೂಡಲೇ ಇವನು ಇಂಥವನು ಎಂದು ತಿಳಿಯಬೇಕು, ಅಷ್ಟೇ.

ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು. ಯಕ್ಷಗಾನದ ರಾಕ್ಷಸನ ಬಣ್ಣ ನಮ್ಮ ಪಕ್ಕದ ಮನೆಯವರ ಮೈಬಣ್ಣವಲ್ಲ. ಬೆಳಿಗ್ಗೆ ಆಟ ಮುಗಿದ ಮೇಲೆ ಆ ಬಣ್ಣ ಹೊತ್ತುಕೊಂಡು ಬಸ್ಸಿಗೆ ಕಾಯುವವರು ಯಾರೂ ಇಲ್ಲ. ಸಿನಿಮಾದ ವೇಷ ಹಾಗಲ್ಲ, ಅದು ಬದುಕಿರುವ ಜನರ ಮೇಲೆ ಹೋಗಿ ಕೂರುತ್ತದೆ.

ಇದು ಹೇಗೆ ಅಂತ ಅರ್ಥವಾಗಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಾನು ಸಣ್ಣವಳಿದ್ದಾಗ ಅಷ್ಟಮಿಗೆ ಹುಲಿವೇಷದ ಜೊತೆ ಕೊರಗ ವೇಷವೂ ಬರುತ್ತಿತ್ತು. ಮೈಗೆಲ್ಲ ಮಸಿ ಬಳಿದುಕೊಂಡು, ತಲೆಗೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು, ಅಂಗಡಿ ಅಂಗಡಿಗೆ ಕುಣಿಯುತ್ತ ಹೋಗುತ್ತಿದ್ದರು. ನಾವು ಮಕ್ಕಳು ಹಿಂದೆ ಓಡಿ ನಗುತ್ತಿದ್ದೆವು. ನಮ್ಮ ತರಗತಿಯಲ್ಲಿ ಕೊರಗ ಸಮುದಾಯದ ಒಬ್ಬ ಹುಡುಗ ಇದ್ದ. ಹಬ್ಬ ಕಳೆದು ಶಾಲೆ ಶುರುವಾದ ದಿನ ಯಾರೋ ಅವನ ಎದುರು ಆ ವೇಷದ ಹಾಗೆ ಕುಣಿದು ತೋರಿಸಿದರು. ಅವನು ಏನೂ ಹೇಳಲಿಲ್ಲ. ಚೀಲ ತೆಗೆದುಕೊಂಡು ಕೊನೆಯ ಬೆಂಚಿಗೆ ಹೋಗಿ ಕೂತ. ಆ ವರ್ಷ ಪೂರ್ತಿ ಅಲ್ಲೇ ಕೂತ. ನನಗೆ ಇವತ್ತಿಗೂ ಆ ಬೆಂಚು ಕಣ್ಣ ಮುಂದೆ ಬರುತ್ತದೆ. ಕೊರಗ ಸಮುದಾಯದವರು ಇದು ನಮಗೆ ಅವಮಾನ ಎಂದು ಎದ್ದು ನಿಂತರು. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 2000ರಲ್ಲಿ ತಂದಿತು. ಈಗ ಆ ವೇಷ ಹಾಕುವುದು ತಪ್ಪು ಎಂದು ಊರಿಗೆಲ್ಲ ಗೊತ್ತು.

ಅಮೆರಿಕದಲ್ಲಿ ಬ್ಲ್ಯಾಕ್‌ಫೇಸ್ ಅನ್ನುವುದು ಇದೇ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಪೆದ್ದರ ಹಾಗೆ, ಕಳ್ಳರ ಹಾಗೆ ಆಡಿ ತೋರಿಸುವ ರಂಗದ ಆಟ ಮೊದಲೇ ಇತ್ತು. ಸಿನಿಮಾ ಅದನ್ನು ಹಾಗೆಯೇ ಎತ್ತಿಕೊಂಡಿತು. 1915ರ 'ದ ಬರ್ತ್ ಆಫ್ ಎ ನೇಷನ್' ಇದಕ್ಕೆ ದೊಡ್ಡ ಸಾಕ್ಷಿ. ಕ್ಯಾಮೆರಾ ಕೆಲಸದಲ್ಲಿ ಆ ಕಾಲಕ್ಕೆ ಭಾರೀ ಸಾಧನೆ ಎಂದು ಹೊಗಳಿಸಿಕೊಂಡ ಈ ಸಿನಿಮಾದಲ್ಲಿ ಮುಖ್ಯ ಕಪ್ಪು ಪಾತ್ರಗಳನ್ನು ಮಸಿ ಬಳಿದ ಬಿಳಿಯರೇ ಮಾಡಿದರು. ಕಪ್ಪು ಗಂಡಸರನ್ನು ಮೃಗಗಳ ಹಾಗೆ ತೋರಿಸಿ, ಕು ಕ್ಲುಕ್ಸ್ ಕ್ಲಾನ್ ಎಂಬ ಕೊಲೆಗಡುಕ ಗುಂಪನ್ನು ನಾಯಕರನ್ನಾಗಿ ಮಾಡಿದರು. ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಆ ಗುಂಪು ಮತ್ತೆ ಹುಟ್ಟಿಕೊಂಡಿತು. ಒಂದು ಸಿನಿಮಾದಿಂದ ಏನಾಗುತ್ತದೆ ಬಿಡಿ ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಮೊದಲ ಕೆಲಸ: ಇಸವಿ ಬರೆದುಕೊಳ್ಳಿ

ಸಿನಿಮಾ ಶುರು ಮಾಡುವ ಮೊದಲು ಅದು ಬಂದ ವರ್ಷ ನೋಡಿ, ನೋಟ್‌ಬುಕ್ಕಿನ ತಲೆಯಲ್ಲಿ ಬರೆಯಿರಿ. ಕೆಲವು ಇಸವಿಗಳು ನೆನಪಿದ್ದರೆ ಸಾಕು.

1934ರಿಂದ 1968ರವರೆಗೆ ಹಾಲಿವುಡ್ಡಿನಲ್ಲಿ ಪ್ರೊಡಕ್ಷನ್ ಕೋಡ್ ಎಂಬ ಕಟ್ಟುಪಾಡು ಇತ್ತು. 1930ರಲ್ಲಿ ಬರೆದದ್ದು, ಬಿಗಿಯಾಗಿ ಜಾರಿಗೆ ಬಂದದ್ದು 1934ರಲ್ಲಿ. ಸ್ಟುಡಿಯೋಗಳು ತಮಗೆ ತಾವೇ ಹಾಕಿಕೊಂಡ ನಿಯಮ. ಕಪ್ಪು ಮತ್ತು ಬಿಳಿ ಜನರ ನಡುವಿನ ಸಂಬಂಧ ತೋರಿಸಬಾರದು ಎಂದು ಅದರಲ್ಲಿ ಬರೆದೇ ಇತ್ತು. ಹಾಗಾಗಿ ಆ ಕಾಲದ ಸಿನಿಮಾದಲ್ಲಿ ಕಪ್ಪು ನಟಿ ನಾಯಕಿಯಾಗದೆ ಮನೆಕೆಲಸದವಳೇ ಆಗಿದ್ದರೆ, ಅದು ಒಬ್ಬ ನಿರ್ದೇಶಕನ ಕೊರತೆ ಮಾತ್ರ ಅಲ್ಲ, ಇಡೀ ವ್ಯವಸ್ಥೆಯೇ ಹಾಗಿತ್ತು. ಗಾಯಕಿ ಲೀನಾ ಹಾರ್ನ್ ಅವರದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ. ದೊಡ್ಡ ಸ್ಟುಡಿಯೋದ ಸಂಗೀತ ಚಿತ್ರಗಳಲ್ಲಿ ಅವರ ಹಾಡನ್ನು ಕಥೆಗೆ ಅಂಟದ ಹಾಗೆ ಬೇರೆಯಾಗಿ ತೆಗೆಯುತ್ತಿದ್ದರು. ಯಾಕೆ ಅಂದರೆ, ದಕ್ಷಿಣದ ರಾಜ್ಯಗಳ ಥಿಯೇಟರಿಗೆ ಹೋಗುವಾಗ ಆ ತುಂಡನ್ನು ಕತ್ತರಿಸಿ ತೆಗೆದರೂ ಕಥೆ ಕೆಡಬಾರದು. ಅಷ್ಟು ಚಂದದ ಹಾಡುಗಾರ್ತಿಯನ್ನು ತೆಗೆದುಹಾಕುವುದಕ್ಕೆ ಅನುಕೂಲವಾಗುವ ಹಾಗೆಯೇ ಚಿತ್ರೀಕರಿಸುತ್ತಿದ್ದರು!

1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇರೆ ಬೇರೆ ಜನಾಂಗದವರ ಮದುವೆಯನ್ನು ತಡೆಯುವ ರಾಜ್ಯದ ಕಾನೂನುಗಳನ್ನೆಲ್ಲ ಹೊಡೆದುಹಾಕಿತು. ಅದೇ ವರ್ಷ, ಬಿಳಿ ಹುಡುಗಿ ಕಪ್ಪು ಹುಡುಗನನ್ನು ಮನೆಗೆ ಕರೆತರುವ ಕಥೆಯ ಸಿನಿಮಾ ಸಿಡ್ನಿ ಪಾಯ್ಟಿಯೇ ಅವರ ಅಭಿನಯದಲ್ಲಿ ಬಂತು. ಇದಾಗಿ ಇನ್ನೂ 60 ವರ್ಷ ಕೂಡ ಸರಿಯಾಗಿ ಕಳೆದಿಲ್ಲ ಅನ್ನುವುದು ನೆನಪಿರಲಿ. ಆಮೇಲೆ 2015 ಮತ್ತು 2016. ಈ ಎರಡೂ ವರ್ಷ ನಟನೆಯ ಆಸ್ಕರ್‌ಗೆ ನಾಮನಿರ್ದೇಶನವಾದ 20ಕ್ಕೆ 20 ಜನರೂ ಬಿಳಿಯರೇ. ಏಪ್ರಿಲ್ ರೇನ್ ಎಂಬವರು ಹಾಕಿದ ಒಂದು ಹ್ಯಾಷ್‌ಟ್ಯಾಗ್ ದೊಡ್ಡ ಕೂಗಾಯಿತು, ಅಕಾಡೆಮಿ ತನ್ನ ಸದಸ್ಯರ ಪಟ್ಟಿಯನ್ನೇ ಬದಲಾಯಿಸಲು ಹೊರಟಿತು.

ಹೆಸರು ಉಂಟಾ, ಮನೆ ಉಂಟಾ, ಊಟ ಉಂಟಾ?

ಈಗ ಸಿನಿಮಾ ಹಾಕಿ. ಬಿಳಿಯರಲ್ಲದ ಪ್ರತಿಯೊಂದು ಪಾತ್ರ ಬಂದಾಗ ಈ ಮೂರು ಪ್ರಶ್ನೆ ಕೇಳಿ. ಇದು ನನ್ನದೇ ಅಳತೆ, ಯಾವ ಪುಸ್ತಕದ್ದೂ ಅಲ್ಲ. ಆದರೆ ತುಂಬ ಕೆಲಸಕ್ಕೆ ಬರುತ್ತದೆ.

ಹೆಸರು ಉಂಟಾ? 1939ರ 'ಗಾನ್ ವಿತ್ ದ ವಿಂಡ್' ನೋಡಿ. ಹ್ಯಾಟಿ ಮೆಕ್‌ಡೇನಿಯಲ್ ಮಾಡಿದ ಪಾತ್ರವನ್ನು ಎಲ್ಲರೂ ಮ್ಯಾಮಿ ಎಂದೇ ಕರೆಯುತ್ತಾರೆ. ಅದು ಹೆಸರಲ್ಲ, ಕೆಲಸ. ಆಯಾ ಅಂದ ಹಾಗೆ. ಸುಮಾರು ನಾಲ್ಕು ಗಂಟೆಯ ಸಿನಿಮಾದಲ್ಲಿ ಅವಳ ತಂದೆತಾಯಿ ಇಟ್ಟ ಹೆಸರನ್ನು ಯಾರೂ ಕೇಳುವುದಿಲ್ಲ.

ಮನೆ ಉಂಟಾ? ನಾಯಕ ಅಥವಾ ನಾಯಕಿ ಆ ಕೋಣೆಯಿಂದ ಹೊರಗೆ ಹೋದ ಮೇಲೆ ಈ ಪಾತ್ರ ಎಲ್ಲಿಗೆ ಹೋಗುತ್ತದೆ? ಅದರ ಬಾಗಿಲು, ಅದರ ಹಾಸಿಗೆ, ಅದರ ತಾಯಿ ನಿಮಗೆ ಕಾಣುತ್ತಾರಾ? ಎಷ್ಟೋ ಸಿನಿಮಾಗಳಲ್ಲಿ ನಾಯಕನ ಕಪ್ಪು ಗೆಳೆಯ ಬುದ್ಧಿಮಾತು ಹೇಳಲು ಬರುತ್ತಾನೆ, ನಗಿಸುತ್ತಾನೆ, ನಾಯಕನ ಬದಲು ಗುಂಡೇಟು ತಿನ್ನುತ್ತಾನೆ. ಅವನಿಗೊಂದು ಮನೆ ಇತ್ತಾ ಎಂದು ನಮಗೆ ಗೊತ್ತೇ ಆಗುವುದಿಲ್ಲ. ಬಿಳಿಯನ ಕಷ್ಟ ತೀರಿಸುವುದಕ್ಕೆಂದೇ ಹುಟ್ಟಿದ ಹಾಗಿರುವ ಇಂಥ ದೈವೀ ಕಪ್ಪು ಪಾತ್ರಗಳನ್ನು ನಿರ್ದೇಶಕ ಸ್ಪೈಕ್ ಲೀ ಕಟುವಾಗಿ ಟೀಕಿಸಿದ್ದಾರೆ.

ಊಟದ ಪ್ರಶ್ನೆ ನನಗೆ ಆ ಗಂಜಿಯ ಬಟ್ಟಲಿನಿಂದ ಬಂತು. ಆ ಪಾತ್ರ ಏನು ಉಣ್ಣುತ್ತದೆ, ಆ ಊಟವನ್ನು ಕ್ಯಾಮೆರಾ ಹೇಗೆ ನೋಡುತ್ತದೆ? ಹೇಸಿಗೆಯಿಂದಲೋ, ವಿಚಿತ್ರ ಎಂಬಂತೆಯೋ, ಅಥವಾ ಹಸಿದವರು ಉಣ್ಣುವ ಊಟದ ಹಾಗೆಯೋ? 1991ರಲ್ಲಿ ಮೀರಾ ನಾಯರ್ ಮಾಡಿದ 'ಮಿಸಿಸಿಪ್ಪಿ ಮಸಾಲಾ' ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಭಾರತೀಯ ಕುಟುಂಬವೊಂದು ಮಿಸಿಸಿಪ್ಪಿಯ ಗ್ರೀನ್‌ವುಡ್ ಊರಿನಲ್ಲಿ ನೆಂಟರ ಮೋಟೆಲಿನಲ್ಲಿ ಬದುಕುತ್ತದೆ. ಮಗಳಿಗೆ ಕಪ್ಪು ಹುಡುಗನ ಮೇಲೆ ಪ್ರೀತಿ ಬರುತ್ತದೆ. ಇಬ್ಬರಿಗೂ ಹೆಸರಿದೆ, ಮನೆಯಿದೆ, ಊಟಕ್ಕೆ ಕರೆಯುವ ಬಂಧುಗಳಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಕಪ್ಪು ಬಣ್ಣದ ಬಗ್ಗೆ ನಮ್ಮವರಿಗೇ ಇರುವ ತಾತ್ಸಾರವನ್ನು ಆ ಸಿನಿಮಾ ಮುಚ್ಚಿಡುವುದಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣು ನೋಡುವಾಗ ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ನಿಮಗೂ ಗೊತ್ತಲ್ವಾ?

ಶಬ್ದ ನಿಲ್ಲಿಸಿ ಹತ್ತು ನಿಮಿಷ ನೋಡಿ

ಇದನ್ನು ಮಕ್ಕಳು ಬಹಳ ಖುಷಿಯಿಂದ ಮಾಡುತ್ತಾರೆ. ಟಿವಿಯ ಶಬ್ದ ಪೂರ್ತಿ ನಿಲ್ಲಿಸಿ. ಈಗ ಬೆಳಕು ಮಾತ್ರ ನೋಡಿ. ಯಾರ ಮುಖದ ಮೇಲೆ ಬೆಳಕು ಬೀಳುತ್ತದೆ, ಯಾರು ನಡುವೆ ನಿಲ್ಲುತ್ತಾರೆ, ಯಾರ ಬೆನ್ನು ಮಾತ್ರ ಕಾಣುತ್ತದೆ.

ಬೆಳಕಿನ ವಿಷಯ ನನಗೆ ನಮ್ಮ ಮನೆಯ ಹಳೆಯ ಮದುವೆ ಆಲ್ಬಮ್ಮಿನಿಂದ ಗೊತ್ತು. ಅದರ ಗುಂಪು ಫೋಟೊದಲ್ಲಿ ಬೆಳ್ಳಗಿನವರೆಲ್ಲ ಸ್ಪಷ್ಟ. ನನ್ನ ದೊಡ್ಡತ್ತೆ ಕಪ್ಪು. ಅವರ ಮುಖದಲ್ಲಿ ಮೂಗುತಿ ಮತ್ತು ಹಲ್ಲು ಬಿಟ್ಟರೆ ಏನೂ ಕಾಣುವುದಿಲ್ಲ. ಫೋಟೊದವನ ತಪ್ಪು ಎಂದೇ ನಾವು ಅಂದುಕೊಂಡಿದ್ದೆವು. ನಿಜ ಏನೆಂದರೆ ಆ ಕಾಲದ ಫಿಲ್ಮ್ ರೋಲು ತಯಾರಾದದ್ದೇ ಬಿಳಿ ಚರ್ಮವನ್ನು ಲೆಕ್ಕಕ್ಕೆ ಇಟ್ಟುಕೊಂಡು. ಕೊಡ್ಯಾಕ್ ಕಂಪೆನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೊ ಇರುತ್ತಿತ್ತು. ಶರ್ಲಿ ಕಾರ್ಡ್ ಎಂದೇ ಅದಕ್ಕೆ ಹೆಸರು. ಅವಳ ಮುಖ ಸರಿ ಬಂದರೆ ಎಲ್ಲವೂ ಸರಿ. ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂಬ ದೂರಿಗೆ ಕಂಪೆನಿ ಕಿವಿಗೊಟ್ಟಿದ್ದರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರ ಪಾಲು ದೊಡ್ಡದು. ಮನುಷ್ಯರ ಮುಖಕ್ಕಿಂತ ಮೇಜಿನ ಬಣ್ಣಕ್ಕೆ ಜಾಸ್ತಿ ಬೆಲೆ ಇತ್ತು ಅಂತ ಓದಿದ ದಿನ ದೊಡ್ಡತ್ತೆಯ ಫೋಟೊ ಮತ್ತೆ ತೆಗೆದು ನೋಡಿದೆ.

ಇದರ ಎದುರಿಗೆ 2016ರ 'ಮೂನ್‌ಲೈಟ್' ಇಟ್ಟು ನೋಡಿ, ದೊಡ್ಡವರು ಮಾತ್ರ. ನಿರ್ದೇಶಕ ಬ್ಯಾರಿ ಜೆಂಕಿನ್ಸ್ ಬೆಳೆದದ್ದು ಮಯಾಮಿಯಲ್ಲಿ, ನಮ್ಮ ಹಾಗೆ ಕಡಲ ಬದಿಯ ಸೆಕೆಯ ಊರು. ಮುಖಕ್ಕೆ ಪೌಡರ್ ಹಾಕಿ ಹೊಳಪು ತೆಗೆಯುವ ರೂಢಿ ಬಿಟ್ಟು, ನಟರ ಚರ್ಮಕ್ಕೆ ಎಣ್ಣೆ ಹಚ್ಚಿಸಿದರು. ಬೆವರಿನಲ್ಲಿ ಮಿನುಗುವ ಕಪ್ಪು ಚರ್ಮ ನೀಲಿ ಬೆಳಕಿನಲ್ಲಿ ಎಷ್ಟು ಚಂದ ಕಾಣುತ್ತದೆ ಅಂದರೆ, ಮೇ ತಿಂಗಳಲ್ಲಿ ಪಣಂಬೂರಿನ ಕಡಲ ಬದಿಯಲ್ಲಿ ಸಂಜೆ ನಿಂತವರ ಮುಖ ನೆನಪಾಗುತ್ತದೆ. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು.

ಇಡೀ ದೃಶ್ಯಕ್ಕೆ ಬಳಿದ ಬಣ್ಣವನ್ನೂ ಗಮನಿಸಿ. 2000ದ 'ಟ್ರಾಫಿಕ್' ಚಿತ್ರದಲ್ಲಿ ಮೆಕ್ಸಿಕೋ ಬಂದ ಕೂಡಲೇ ಎಲ್ಲವೂ ಹಳದಿ, ಧೂಳು ಧೂಳು. ಕಥೆ ಅಮೆರಿಕದ ವಾಷಿಂಗ್ಟನ್, ಓಹಾಯೊ ಕಡೆಗೆ ಹೋದರೆ ತಣ್ಣಗೆ ನೀಲಿ. ಮೂರು ಕಡೆಯ ಕಥೆ ಗೊಂದಲವಾಗದಿರಲಿ ಎಂದು ಮಾಡಿದ್ದು, ಸರಿ. ಆದರೆ ಆಮೇಲೆ ಬಂದ ಎಷ್ಟೋ ಸಿನಿಮಾಗಳು ಬಡ ದೇಶ ಅಂದರೆ ಹಳದಿ ಎಂದೇ ಹಿಡಿದುಕೊಂಡವು. ನಮ್ಮ ದೇಶಕ್ಕೂ ಅದೇ ಹಳದಿ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಹತ್ತಿದವರಿಗೆ ಇಂಡಿಯಾದ ಬಣ್ಣ ಯಾವುದು ಎಂದು ಕೇಳಿ.

ಆಮೇಲೆ ಕಿವಿ

ಶಬ್ದ ಮತ್ತೆ ಹಾಕಿ. ಯಾರ ಭಾಷೆಗೆ ಸಬ್‌ಟೈಟಲ್ ಇದೆ, ಯಾರದ್ದನ್ನು ಬರೀ 'ವಿದೇಶಿ ಭಾಷೆ' ಎಂದು ಬಿಟ್ಟಿದ್ದಾರೆ ನೋಡಿ. ಮೊದಲು ಹೇಳಿದ ಟೆಂಪಲ್ ಆಫ್ ಡೂಮ್ ಸಿನಿಮಾದಲ್ಲಿ ಹಳ್ಳಿಯ ಜನ ಆಡುವ ಮಾತು ಹಿಂದಿಯೂ ಅಲ್ಲ, ಕನ್ನಡವೂ ಅಲ್ಲ, ಸಿಂಹಳ. ಭಾರತ ಸರಕಾರ ಕಥೆಯಲ್ಲಿ ಬದಲಾವಣೆ ಕೇಳಿತು, ಅವರು ಒಪ್ಪಲಿಲ್ಲ, ಶ್ರೀಲಂಕಾಕ್ಕೆ ಹೋಗಿ ಚಿತ್ರೀಕರಿಸಿದರು. ಅಲ್ಲಿಯ ಜನ ಅವರ ಭಾಷೆಯನ್ನೇ ಆಡಿದರು. ನೋಡುವ ಅಮೆರಿಕನ್ನರಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾಗಬೇಕೆಂದು ಮಾಡಿದವರಿಗೂ ಅನಿಸಲಿಲ್ಲ.

ಉಚ್ಚಾರದ ನೋವು ನಮಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನನ್ನ ತಮ್ಮನಿಗೆ ಆಫೀಸಿನಲ್ಲಿ ದಿನಾ ಒಂದೇ ಬೇಡಿಕೆ, "ಎಂಥ ಸಾವು ಮಾರಾಯ್ರೆ ಅಂತ ಒಂದ್ಸಲ ಹೇಳು." ಮೊದಲ ಸಲ ಅವನೂ ನಕ್ಕ. ಹತ್ತನೇ ಸಲಕ್ಕೆ ಮೀಟಿಂಗಿನಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ. ಅವರ್ಯಾರೂ ಕೆಟ್ಟವರಲ್ಲ. ಮಂಗಳೂರು ಕನ್ನಡ ಅಂದರೆ ನಗುವುದಕ್ಕೆ ಎಂದು ಅವರಿಗೆ ಸಿನಿಮಾಗಳು ಕಲಿಸಿವೆ, ಅಷ್ಟೇ. 'ದ ಸಿಂಪ್ಸನ್ಸ್' ಕಾರ್ಟೂನಿನ ಅಪು ಎಂಬ ಅಂಗಡಿಯವನ ಧ್ವನಿಯಿಂದ ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳಿಗೆ ಆದದ್ದು ಇದೇ. ಆ ಧ್ವನಿ ಬಿಳಿ ನಟ ಹ್ಯಾಂಕ್ ಅಜೇರಿಯಾ ಅವರದ್ದು. ಶಾಲೆಯಲ್ಲಿ ಆ ಧ್ವನಿ ಕೇಳಿ ಕೇಳಿ ಬೆಳೆದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅದರ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ಬಿಟ್ಟರು.

ಈಗ ಚೌಕಿಗೆ

ರಂಗಸ್ಥಳದಲ್ಲಿ ಕಂಡದ್ದು ಅರ್ಧ. ಉಳಿದರ್ಧ ಚೌಕಿಯಲ್ಲಿರುತ್ತದೆ. ಯಾರು ಬಣ್ಣ ಹಚ್ಚಿಕೊಂಡರು, ಯಾರಿಗೆ ಯಾವ ವೇಷ ಕೊಟ್ಟರು, ಪ್ರಸಂಗ ಯಾರದ್ದು, ಸಂಬಳ ಯಾರಿಗೆ ಎಷ್ಟು. ಸಿನಿಮಾ ಮುಗಿದ ಮೇಲೆ ಎದ್ದು ಹೋಗಬೇಡಿ, ಹೆಸರುಗಳ ಪಟ್ಟಿ ನಿಧಾನ ಓದಿ. ಕಥೆ ಬರೆದವರು ಯಾರು ಎಂದು ಫೋನಿನಲ್ಲಿ ಹುಡುಕಿ. ನನ್ನ ಪ್ರಕಾರ ಇಡೀ ಅಭ್ಯಾಸದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ.

2018ರ 'ಗ್ರೀನ್ ಬುಕ್' ತೆಗೆದುಕೊಳ್ಳಿ. ಕಪ್ಪು ಪಿಯಾನೋ ವಾದಕ ಡಾನ್ ಶರ್ಲಿ ಮತ್ತು ಅವರ ಬಿಳಿ ಡ್ರೈವರನ ಕಥೆ. ನೋಡಲು ಹಿತವಾಗಿದೆ, ನನಗೂ ಕಣ್ಣು ತುಂಬಿತ್ತು. ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಚೌಕಿಗೆ ಹೋಗಿ ನೋಡಿದರೆ, ಕಥೆ ಬರೆದವರಲ್ಲಿ ಒಬ್ಬರು ಆ ಡ್ರೈವರನ ಮಗ. ಶರ್ಲಿಯವರ ಮನೆಯವರು ನಮ್ಮನ್ನು ಕೇಳಲೇ ಇಲ್ಲ, ಇದು ನಮಗೆ ಗೊತ್ತಿರುವ ಶರ್ಲಿ ಅಲ್ಲ ಎಂದರು. ಇದು ಗೊತ್ತಾದ ಮೇಲೆ ಅದೇ ಸಿನಿಮಾ ಮತ್ತೆ ನೋಡಿ. ಎಲ್ಲವನ್ನೂ ಮುಂದಿನ ಸೀಟಿನಿಂದಲೇ ನೋಡುತ್ತಿದ್ದೇವೆ ಎಂದು ಕಾಣುತ್ತದೆ. ಹಿಂದಿನ ಸೀಟಿನವರ ಮನಸ್ಸಿನೊಳಗೆ ಕ್ಯಾಮೆರಾ ಹೋಗುವುದು ಅಪರೂಪ.

ಅನ್ನಾ ಮೇ ವಾಂಗ್ ಅವರ ಕಥೆ ಇನ್ನೂ ನೇರ. 1905ರಲ್ಲಿ ಲಾಸ್ ಏಂಜಲೀಸಿನಲ್ಲಿಯೇ ಹುಟ್ಟಿದ, ಆಗಲೇ ದೊಡ್ಡ ಹೆಸರು ಮಾಡಿದ್ದ ಚೀನಾ ಮೂಲದ ನಟಿ. 1937ರ 'ದ ಗುಡ್ ಅರ್ತ್' ಚೀನಾದ ರೈತ ಕುಟುಂಬದ ಕಥೆ. ರೈತನ ಹೆಂಡತಿಯ ಪಾತ್ರ ತನಗೆ ಸಿಗುತ್ತದೆ ಎಂದು ಅವರು ಆಸೆಪಟ್ಟಿದ್ದರು. ರೈತನ ಪಾತ್ರವನ್ನು ಬಿಳಿಯ ನಟನಿಗೆ ಕೊಟ್ಟಿದ್ದರು. ಬಿಳಿಯನಿಗೆ ಚೀನೀ ಹೆಂಡತಿ ಬೇಡ ಎಂದು ಆ ಪಾತ್ರವೂ ಬಿಳಿಯ ನಟಿ ಲೂಯಿಸ್ ರೈನರ್‌ಗೆ ಹೋಯಿತು. ಕಣ್ಣಿಗೆ ಮೇಕಪ್ ಮಾಡಿಕೊಂಡು ಚೀನೀಯಳಾದ ರೈನರ್‌ಗೆ ಆಸ್ಕರ್ ಬಂತು. ವಾಂಗ್‌ಗೆ ಕೊಡಲು ಬಂದದ್ದು ಮನೆಯೊಡೆಯುವ ಎರಡನೇ ಹೆಂಗಸಿನ ಪಾತ್ರ. ಅವರು ಬೇಡ ಅಂದರು. ಆ ಬೇಡಕ್ಕೆ ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ. 2022ರಲ್ಲಿ ಅಮೆರಿಕ ಸರಕಾರ ಅವರ ಮುಖವನ್ನು ನಾಣ್ಯದ ಮೇಲೆ ಹಾಕಿತು.

ಹ್ಯಾಟಿ ಮೆಕ್‌ಡೇನಿಯಲ್ ಅವರನ್ನೂ ಚೌಕಿಯಲ್ಲಿ ಕಾಣಬೇಕು. ಅಟ್ಲಾಂಟಾದಲ್ಲಿ ಅವರದ್ದೇ ಸಿನಿಮಾದ ಮೊದಲ ಪ್ರದರ್ಶನ ನಡೆದಾಗ, ಜಾರ್ಜಿಯಾದ ಕಾನೂನಿನಿಂದಾಗಿ ಅವರು ಹೋಗುವ ಹಾಗಿರಲಿಲ್ಲ. 1940ರಲ್ಲಿ ಅವರಿಗೆ ಆಸ್ಕರ್ ಬಂತು, ಕಪ್ಪು ಜನರಲ್ಲಿ ಮೊದಲನೆಯದು. ಸಮಾರಂಭ ನಡೆದ ಹೋಟೆಲು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ, ವಿಶೇಷ ಅನುಮತಿ ಪಡೆದು ಗೋಡೆ ಬದಿಯ ಬೇರೆ ಮೇಜಿನಲ್ಲಿ ಕೂರಿಸಿದರು. ನಮ್ಮೂರಿನವರಿಗೆ ಬೇರೆ ಪಂಕ್ತಿ ಅಂದರೆ ಏನು ಎಂದು ವಿವರಿಸಬೇಕಾಗಿಲ್ಲ. ನಟನೆಗೆ ಇನ್ನೊಬ್ಬ ಕಪ್ಪು ಮಹಿಳೆಗೆ ಆಸ್ಕರ್ ಬರಲು 1991ರವರೆಗೆ ಕಾಯಬೇಕಾಯಿತು.

ನಮ್ಮ ನಾಡಿನ ಹುಡುಗನೂ ಆ ಚೌಕಿಯಲ್ಲಿದ್ದ. ಸಾಬು. 1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 1937ರಲ್ಲಿ ಬ್ರಿಟಿಷರ 'ಎಲಿಫೆಂಟ್ ಬಾಯ್' ಸಿನಿಮಾದಿಂದ ಹೆಸರಾಗಿ, ಆಮೇಲೆ ಹಾಲಿವುಡ್ಡಿಗೆ ಹೋದ. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಅವನೇ ಮೋಗ್ಲಿ. ಆ ಸಿನಿಮಾ ಒಮ್ಮೆ ಹಾಕಿ, ಹಳ್ಳಿಯ ದೃಶ್ಯದಲ್ಲಿ ನಿಲ್ಲಿಸಿ. ಮೋಗ್ಲಿಯ ತಾಯಿಯಾಗಿ ಕಂದು ಬಣ್ಣ ಹಚ್ಚಿಕೊಂಡ ಅಮೆರಿಕದ ನಟಿ ರೋಸ್‌ಮೇರಿ ಡಿಕ್ಯಾಂಪ್. ಊರಿನ ಬೇಟೆಗಾರ ಮಾಲ್ಟಾ ದೇಶದ ನಟ. ಅಮ್ಮ ಮಗ ಅಪ್ಪಿಕೊಳ್ಳುವ ಚೌಕಟ್ಟಿನಲ್ಲಿ ಒಬ್ಬರದ್ದು ಹುಟ್ಟಿನಿಂದ ಬಂದ ಬಣ್ಣ, ಇನ್ನೊಬ್ಬರದ್ದು ಡಬ್ಬಿಯಿಂದ ಬಂದದ್ದು. ಸಾಬು ಅಮೆರಿಕದ ಪೌರನಾದ, ಎರಡನೇ ಮಹಾಯುದ್ಧದಲ್ಲಿ ಅವರ ವಿಮಾನದಲ್ಲಿ ಗನ್ನರ್ ಆಗಿ ಹೋರಾಡಿ ಪದಕ ಪಡೆದ. ಮರಳಿ ಬಂದಾಗ ಬೆಳೆದ ಗಂಡಸಿಗೆ ಕೊಡಲು ಹಾಲಿವುಡ್ಡಿನ ಹತ್ತಿರ ಪಾತ್ರವೇ ಇರಲಿಲ್ಲ. ಆನೆ, ಕಾಡು, ಬರಿಮೈ, ಇಷ್ಟೇ ಅವರಿಗೆ ಅವನಲ್ಲಿ ಕಂಡದ್ದು. 1963ರಲ್ಲಿ 39ನೇ ವಯಸ್ಸಿಗೆ ತೀರಿಕೊಂಡ.

ಮಾತಾಡುವಾಗ ಕೆಲವು ಎಚ್ಚರ

ಪದಗಳಿಂದ ಶುರು ಮಾಡಿ. 'ನೀಗ್ರೋ' ಅನ್ನುವುದು ನಮ್ಮ ಹಳೆಯ ಪತ್ರಿಕೆಗಳಲ್ಲಿ ಧಾರಾಳ ಇತ್ತು, ಈಗ ಬಿಡಿ. ಕಪ್ಪು ಅಮೆರಿಕನ್ನರು ಅನ್ನಿ. 'ರೆಡ್ ಇಂಡಿಯನ್' ಕೂಡ ಬೇಡ. ಆದಷ್ಟು ಆ ಜನರ ಹೆಸರನ್ನೇ ಹೇಳಿ: ನವಾಹೋ, ಕಮಾಂಚಿ, ಓಸೇಜ್. ಹಳೆಯ ಕೌಬಾಯ್ ಚಿತ್ರಗಳು ಇವರನ್ನೆಲ್ಲ ಒಂದೇ ಮಾಡಿದ್ದವು. 1956ರ 'ದ ಸರ್ಚರ್ಸ್' ಚಿತ್ರದಲ್ಲಿ ಕಮಾಂಚಿ ನಾಯಕನಾಗಿ ಜರ್ಮನಿಯಲ್ಲಿ ಹುಟ್ಟಿದ ನಟ, ಅವನ ಹಿಂದೆ ಕಮಾಂಚಿಗಳಾಗಿ ನವಾಹೋ ಜನ. ನಮ್ಮ ಕಡೆ ತುಳುವರನ್ನು, ಕೊಂಕಣಿಯವರನ್ನು, ಬ್ಯಾರಿಗಳನ್ನು ಸೇರಿಸಿ ಎಲ್ಲ ಒಂದೇ ಮದ್ರಾಸಿಗಳು ಅಂದ ಹಾಗೆ.

ಇಷ್ಟದ ಸಿನಿಮಾ ಬಿಡಬೇಕಾ ಎಂದು ತುಂಬ ಜನ ಕೇಳುತ್ತಾರೆ. ಬೇಡ. ನಾನು ಬಿಟ್ಟಿಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿ, ಮಕ್ಕಳ ಪ್ರಶ್ನೆಗೆ ಸುಮ್ನೆ ಕೂರು ಅನ್ನಬೇಡಿ. ಹಾಗೆಯೇ ಒಂದು ಒಳ್ಳೆಯ ಸಿನಿಮಾ ಬಂದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಕಪ್ಪು ನಾಯಕರ ಸಿನಿಮಾ ಹೊರದೇಶಗಳಲ್ಲಿ ಓಡುವುದಿಲ್ಲ ಎಂದು ಸ್ಟುಡಿಯೋಗಳು ವರ್ಷಗಟ್ಟಲೆ ಹೇಳಿದವು. 2018ರ 'ಬ್ಲ್ಯಾಕ್ ಪ್ಯಾಂಥರ್' ಪ್ರಪಂಚದಾದ್ಯಂತ 130 ಕೋಟಿ ಡಾಲರಿಗೂ ಜಾಸ್ತಿ ಗಳಿಸಿ ಆ ಮಾತನ್ನು ಮುಗಿಸಿತು. ಅದೇ ವರ್ಷದ 'ಕ್ರೇಜಿ ರಿಚ್ ಏಷ್ಯನ್ಸ್' ನೋಡಿ: ಈ ಕಾಲದ ಕಥೆಗೆ ಬಹುಪಾಲು ಏಷ್ಯಾ ಮೂಲದ ನಟರನ್ನೇ ಹಾಕಿಕೊಂಡು ದೊಡ್ಡ ಸ್ಟುಡಿಯೋ ಒಂದು ಅದಕ್ಕೆ ಮೊದಲು ಸಿನಿಮಾ ಮಾಡಿದ್ದು 1993ರಲ್ಲಿ. ನಡುವೆ 25 ವರ್ಷ ಖಾಲಿ.

ಸದುದ್ದೇಶ ಇದ್ದ ಸಿನಿಮಾಕ್ಕೂ ಪ್ರಶ್ನೆ ಕೇಳಬಹುದು. ಓಸೇಜ್ ಜನರ ಕೊಲೆಗಳ ಬಗ್ಗೆ 2023ರಲ್ಲಿ ಬಂದ 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್' ಅವರ ಭಾಷೆಯನ್ನು ಶ್ರದ್ಧೆಯಿಂದ ಕಲಿತು ಬಳಸಿತು. ಆದರೂ ಆ ಚಿತ್ರಕ್ಕೆ ಭಾಷೆ ಕಲಿಸಿದ ಓಸೇಜ್ ಸಲಹೆಗಾರರೊಬ್ಬರು, ಕಥೆಯನ್ನು ಓಸೇಜ್ ಹೆಂಡತಿಯ ಕಣ್ಣಿನಿಂದ ಹೇಳಬೇಕಿತ್ತು ಎಂಬ ತಮ್ಮ ಆಸೆಯನ್ನು ಮುಚ್ಚಿಡಲಿಲ್ಲ. ಕೆಲಸಕ್ಕೆ ಗೌರವ ಕೊಟ್ಟೂ ಪ್ರಶ್ನೆ ಕೇಳುವುದು ಹೇಗೆ ಅನ್ನುವುದಕ್ಕೆ ನನಗೆ ಇದು ಮಾದರಿ.

ಕೊನೆಗೆ, ಅವರು ಏನಾದರು ಎಂದು ಹುಡುಕಿ

ಇದೊಂದನ್ನು ಬಿಡಬೇಡಿ. ಸಿನಿಮಾದಲ್ಲಿ ಮೂಲೆಯಲ್ಲಿ ನಿಂತಿದ್ದ ಒಬ್ಬ ನಟನನ್ನು ಆರಿಸಿ, ಆಮೇಲೆ ಅವರಿಗೆ ಯಾವ ಪಾತ್ರಗಳು ಸಿಕ್ಕವು ನೋಡಿ.

ಆ ಮಳೆಯ ದಿನ ನಾನು ಮತ್ತು ಅಕ್ಕನ ಮಗಳು ಹೀಗೇ ಹುಡುಕಿದೆವು. ಟೆಂಪಲ್ ಆಫ್ ಡೂಮ್ ಚಿತ್ರದಲ್ಲಿ ನಾಯಕನ ಹಿಂದೆ ಓಡುವ ಒಬ್ಬ ಚೀನೀ ಹುಡುಗ ಇದ್ದಾನೆ. ಅವಳಿಗೆ ಅವನೇ ಇಷ್ಟವಾಗಿದ್ದ. ಅವನ ಹೆಸರು ಕೀ ಹುಯ್ ಕ್ವಾನ್, ವಿಯೆಟ್ನಾಮಿನಿಂದ ನಿರಾಶ್ರಿತನಾಗಿ ಬಂದವನು. ದೊಡ್ಡವನಾದ ಮೇಲೆ ಏಷ್ಯಾದ ಮುಖಕ್ಕೆ ಪಾತ್ರಗಳೇ ಇರಲಿಲ್ಲ. ನಟನೆ ಬಿಟ್ಟು, ಕ್ಯಾಮೆರಾದ ಹಿಂದೆ ಹೊಡೆದಾಟದ ದೃಶ್ಯಗಳಿಗೆ ಸಹಾಯಕನಾಗಿ ಸುಮಾರು 20 ವರ್ಷ ಕಳೆದರು. ಮತ್ತೆ ಬಂದು ಮಾಡಿದ ಸಿನಿಮಾಕ್ಕೆ 2023ರ ಮಾರ್ಚಿನಲ್ಲಿ ಪೋಷಕ ನಟನ ಆಸ್ಕರ್ ಸಿಕ್ಕಿತು. ಅದೇ ರಾತ್ರಿ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಪ್ರಶಸ್ತಿಯೂ ಬಂತು, ಅದನ್ನು ಘೋಷಿಸಲು ವೇದಿಕೆಯಲ್ಲಿ ನಿಂತಿದ್ದವರು ಇಂಡಿಯಾನಾ ಜೋನ್ಸ್ ಆಗಿದ್ದ ಹ್ಯಾರಿಸನ್ ಫೋರ್ಡ್. ಇಬ್ಬರೂ ಅಪ್ಪಿಕೊಳ್ಳುವ ವಿಡಿಯೋ ನನ್ನ ಫೋನಿನಲ್ಲಿ ನೋಡಿದೆವು.

ಅವಳು ಅದನ್ನು ಮೂರು ಸಲ ಹಾಕಿಸಿದಳು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದಳು, 1984ರಿಂದ 2023. "39 ವರ್ಷ, ಚಿಕ್ಕಮ್ಮ. ಅಮ್ಮನ ವಯಸ್ಸಿಗೆ ಹತ್ತಿರ ಹತ್ತಿರ ಆಯ್ತು," ಅಂದಳು. ಬಟ್ಟಲಿನಲ್ಲಿ ಉಳಿದ ಗಂಜಿ ತಣ್ಣಗಾಗಿತ್ತು, ಅದನ್ನು ಕುಡಿದು ಮುಗಿಸಿ, ಇನ್ನೊಂದು ಸಿನಿಮಾ ಹಾಕು ಎಂದು ನೋಟ್‌ಬುಕ್ ತರಲು ಒಳಗೆ ಓಡಿದಳು.